ಹಲ್ಲಿಲ್ಲದ ಸಕಾರ

ಸಂಜೆ ಕಟ್ಟಿಸಿದ ಹಲ್ಲು ಬರುತ್ತದೆ, ಅಷ್ಟರೊಳಗೆ ಗೊತ್ತಾಗಬೇಕು ಎಂದುಕೊಂಡು ಟೈಪಿಸ್ಟಮ್ಮ ಬಚ್ಚಲುಮನೆಯ ಚಿಲಕ ಹಾಕಿ, ಹೊರಗಿದ್ದ ಮಗಳಿಗೆ ಕೇಳಿಸದಿರಲೆಂದು ನಲ್ಲಿಯನ್ನು ಜೋರಾಗಿ ಬಿಟ್ಟು, ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಳು. ಮೇಲೊಂದು ಕೆಳಗೊಂದು ಒಸಡಿನ ಬರಿಯ ದಂಡೆ, ಹೆಸರಿಗೂ ಒಂದು ಹಲ್ಲಿಲ್ಲ. 'ಸಾಕು' ಎಂದಳು. ತಡೆದು, 'ಹಾಕು' ಎಂದಳು. ಎರಡೂ ಬೇರೆ ಬೇರೆಯಾಗಿಯೇ ಕೇಳಿಸಿದವು. ಕೇಳಿಸದೆ ಏನು, ಹೇಳುವ ಮೊದಲೇ ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತಲ್ಲ. ತನ್ನ ಮಾತನ್ನು ತನ್ನ ಕಿವಿಯೇ ತಿದ್ದಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮೂರು ವರ್ಷದ ಹಿಂದೆ ಗಂಡ ಇದೇ ಥರದ ಬೋಳು ಬಾಯಲ್ಲಿ, ಗಂಜಿ ಕುಡಿಯುತ್ತ, ಇವೆರಡರಲ್ಲಿ ಒಂದು ಮಾತನ್ನು ಹೇಳಿದ್ದರು. ಅದೇ ಅವರು ಆಡಿದ ಕೊನೆಯ ಮಾತಾಯಿತು. ಯಾವುದು ಎಂದು ತಿಳಿಯಬೇಕಾದರೆ ಇನ್ನೊಬ್ಬರ ಕಿವಿ ಬೇಕು, ಅದೂ ಇವತ್ತೇ ಬೇಕು. ನಾಳೆಯಿಂದ ಬಾಯೊಳಗೆ ಬೇರೆ ಯಾರೋ ಬಂದು ಕೂತಿರುತ್ತಾರೆ, ನಾಲಗೆ ಅವರ ಹತ್ತಿರ ಪಾಠ ಹೇಳಿಸಿಕೊಂಡು ಸಕಾರವನ್ನು ಸರಿಮಾಡಿಕೊಂಡುಬಿಡುತ್ತದೆ. ಆಮೇಲೆ ಅವರ ಮಾತನ್ನು ಯಾವ ಬಾಯಲ್ಲಿ ಹೇಳಿ ನೋಡುವುದು? ನೀರು ಖಾಲಿ ಮಾಡ್ತಿದ್ದೀಯಾ ಅಮ್ಮ ಎಂದು ಮಗಳು ಬಾಗಿಲು ಬಡಿದಳು. ಟೈಪಿಸ್ಟಮ್ಮ ನಲ್ಲಿ ನಿಲ್ಲಿಸಿದಳು.

ಬೀದಿಯಲ್ಲೂ ಕೆಲಸದಲ್ಲೂ ಅವಳು ಟೈಪಿಸ್ಟಮ್ಮನೇ. ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಬೆರಳಿಗಿಳಿಸುತ್ತ ತಲೆ ನರೆದವಳು. ಸಾಕ್ಷಿ ಕೆಮ್ಮುತ್ತ ಹೇಳಲಿ, ಅಳುತ್ತ ಹೇಳಲಿ, ವಕೀಲರು ನಡುವೆ ಬಾಯಿ ಹಾಕಲಿ, ಹೇಳಿದ್ದು ಹೇಳಿದ ಹಾಗೆ ಕಾಗದಕ್ಕೆ ಬಂದು ಕೂರುತ್ತಿತ್ತು. ಒಮ್ಮೆ ಇಬ್ಬರು ವಕೀಲರು, ಸಾಕ್ಷಿ ಹಾಗಂದ, ಇಲ್ಲ ಹೀಗಂದ ಎಂದು ಕಿತ್ತಾಡುತ್ತಿದ್ದಾಗ ಹಿರಿಯ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಟೈಪಿಸ್ಟಮ್ಮಂಗೆ ಏನು ಕೇಳಿಸ್ತೋ ಅದೇ ನಡೆದಿದ್ದು, ಕೂತ್ಕೊಳ್ಳಿ" ಅಂದಿದ್ದರು. ಅವತ್ತು ಅವಳು ನೆಲದ ಮೇಲೆ ಕಾಲಿಡದೆ ಮನೆಗೆ ಬಂದಿದ್ದಳು. ಗಂಡನಿಗೆ ಹೇಳಿದರೆ ಅವರು ಗಹಗಹಿಸಿ ನಕ್ಕು, ನಮ್ಮನೇಲೂ ಹಂಗೇ ತಾನೆ ಎಂದಿದ್ದರು. ಆಗ ಅವರಿಗೆ ಎಲ್ಲ ಹಲ್ಲೂ ಇದ್ದವು, ಅವಳಿಗೂ ಇದ್ದವು, ಮಗಳಿಗೆ ಮಾತ್ರ ಹಾಲುಹಲ್ಲು ಅಲ್ಲಾಡುತ್ತಿತ್ತು. ಅದನ್ನು ನೂಲು ಕಟ್ಟಿ ಎಳೆದುಬಿಡುತ್ತೇನೆಂದು ಅಪ್ಪ ಮನೆಯೆಲ್ಲ ಓಡಾಡಿಸಿಕೊಂಡು ಹೋಗುತ್ತಿದ್ದರೆ ಮಗಳು ಬಾಯಿ ಮುಚ್ಚಿಕೊಂಡು ಮಂಚದ ಕೆಳಗೆ ನುಗ್ಗುತ್ತಿದ್ದಳು. ಆ ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಎದ್ದು ಅಮ್ಮನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿ, ಬೇಳೆ ತರಕಾರಿ ಬೇಯಿಸಿ ಕಿವುಚಿ, ಮೆತ್ತಗೆ ಬೆಂದ ಮೊಟ್ಟೆ ಬಿಡಿಸಿಟ್ಟು, ಎದುರಿಗೆ ಕೂರುತ್ತಾಳೆ. ತಿಂದು ಮುಗಿಸುವ ತನಕ ಏಳುವುದಿಲ್ಲ. ಯಾಕೆ ಏಳುವುದಿಲ್ಲ ಎಂದು ಟೈಪಿಸ್ಟಮ್ಮ ಕೇಳಿಲ್ಲ, ಮಗಳೂ ಹೇಳಿಲ್ಲ. ಇವತ್ತು ಟೈಪಿಸ್ಟಮ್ಮ ಬಟ್ಟಲಿಗೆ ಎರಡನೆಯ ಸೌಟು ಬಿದ್ದ ಮೇಲೆ ಧೈರ್ಯ ಮಾಡಿ 'ಸಾಕು' ಎಂದಳು. ಮಗಳ ಸೌಟು ಅಲ್ಲೇ ನಿಂತಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸರಿಯಾಗಿಯೇ ಕೇಳಿಸುತ್ತದೆ ಹಾಗಾದರೆ, ಗಂಡ ಆ ಮಾತು ಹೇಳಿದ ಬೆಳಿಗ್ಗೆಯೂ ತನಗೆ ಸರಿಯಾಗಿಯೇ ಕೇಳಿಸಿತ್ತು. ಆಮೇಲೆ ನೋಡಿದರೆ ತನ್ನ ಬಲಗೈ ಬಟ್ಟಲಿನ ಮೇಲೆ ಅಡ್ಡ ಬಂದು ಕೂತಿತ್ತು. ಯಾವಾಗ ಬಂತೋ! ಮಗಳು ಮಾತನ್ನೆಲ್ಲಿ ಕೇಳಿದಳು, ಕೈಯನ್ನು ನೋಡಿದಳು.

ಇದೆಲ್ಲ ಶುರುವಾದದ್ದು ಹೋದ ವಾರ, ನ್ಯಾಯಾಲಯದ ಕ್ಯಾಂಟೀನಿನಲ್ಲಿ. ಅಲ್ಲಿಯವರೆಗೆ ಅವಳಿಗೆ ಈ ಸಂಶಯ ಇರಲಿಲ್ಲ ಎಂದರೆ ನಂಬಬೇಕು. ದುಃಖವಿತ್ತು, ಸಂಶಯವಿರಲಿಲ್ಲ. ಸಕ್ಕರೆ ಕಾಯಿಲೆ ಒಸಡನ್ನು ತಿಂದು ಹಲ್ಲುಗಳನ್ನು ಸಡಿಲ ಮಾಡಿತ್ತು. ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ ಎಂದು ಹಲ್ಲಿನ ಡಾಕ್ಟರಮ್ಮ ವಾಪಸು ಕಳಿಸಿ, ಕಳಿಸಿ, ಕೊನೆಗೆ ಒಂದೆರಡು ಒಂದೆರಡಾಗಿ ಎಲ್ಲವನ್ನೂ ತೆಗೆದಿದ್ದರು. ಒಸಡು ಗಟ್ಟಿಯಾಗಲೆಂದು ತಿಂಗಳುಗಟ್ಟಲೆ ಕಾಯಿಸಿದ್ದರು. ಅಷ್ಟು ದಿನವೂ ಟೈಪಿಸ್ಟಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತುಟಿ ಪಿಟಕ್ಕೆನ್ನದೆ ಕೆಲಸ ಮಾಡಿದ್ದಳು. ಅವಳ ಕೆಲಸಕ್ಕೆ ಕಿವಿ ಮತ್ತು ಬೆರಳು ಸಾಕು, ಬಾಯಿ ಯಾರಿಗೆ ಬೇಕಿತ್ತು? ಹೋದ ವಾರ ಕ್ಯಾಂಟೀನಿನವನು ಸಕ್ಕರೆಯಿಲ್ಲದ ಚಹಾ ಬಗ್ಗಿಸುತ್ತ ಯಾರೊಡನೆಯೋ ಮಾತಾಡುತ್ತಿದ್ದ. ಅವಳ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಕಡತ. ಲೋಟ ತುಂಬುತ್ತ ಬಂದಾಗ 'ಸಾಕು' ಎಂದಳು. ಅವನು ಬಗ್ಗಿಸಿದ. 'ಸಾಕು ಸಾಕು' ಎಂದಳು. ಅವನು ಇನ್ನೂ ಜೋರಾಗಿ ಬಗ್ಗಿಸಿದ. ಬಿಸಿ ಚಹಾ ಕೈಮೇಲೆ, ಸೀರೆ ಮೇಲೆ, ಕಡತದ ಮೇಲೆ. ಅವನು ಗಾಬರಿಯಾಗಿ, "ನೀವೇ ಹಾಕು ಹಾಕು ಅಂದ್ರಲ್ಲಮ್ಮ" ಎಂದ. ಸುತ್ತಲಿದ್ದ ವಕೀಲರು ನಕ್ಕರು. ಕೆಟ್ಟ ನಗುವಲ್ಲ, ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿದವರನ್ನು ಕಂಡರೆ ಬರುತ್ತದಲ್ಲ ಅಂಥದ್ದು. ಅವಳೂ ನಗಲು ನೋಡಿದಳು. ಕೈ ಉರಿಯುತ್ತಿತ್ತು. ಆದರೆ ಅವಳು ಅಲ್ಲಿ ನಿಂತುಬಿಟ್ಟದ್ದು ಕೈ ಉರಿದದ್ದಕ್ಕಲ್ಲ.

ಈ ನಗು ಅವಳಿಗೆ ಪರಿಚಯದ್ದು. ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಕಂಠ ಅಂದರೆ ಕಂಠ. ಮಂಡಿಯಲ್ಲಿ ಅವರಿಗೆ ಗಂಟೆ ಎಂದೇ ಹೆಸರು. ಗಂಟೆ ಮೂಟೆಯ ಮೇಲೆ ಹತ್ತಿ 'ಸಾವಿರ ಒಂದ್ಸಲ' ಎಂದರೆ ಬೀದಿಯ ಆ ತುದಿಯಲ್ಲಿ ಸೈಕಲ್ಲು ನಿಲ್ಲುತ್ತಿತ್ತು. ಸಕ್ಕರೆ ಕಾಯಿಲೆಗೆ ಅವರು ಕ್ಯಾರೇ ಅನ್ನಲಿಲ್ಲ. ಅದು ಅವರ ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿಕೊಂಡಿತು. ಎಲ್ಲ ತೆಗೆಸಿಕೊಂಡು ಇನ್ನೂ ಬಾವು ಇಳಿಯುವ ಮೊದಲೇ, ನಾನಿಲ್ಲದೆ ಟೊಮೆಟೊ ಕೊಳೆಯುತ್ತೆ ಎಂದು ಹಟ ಮಾಡಿ ಮಂಡಿಗೆ ಹೋದರು, ಮೂಟೆ ಹತ್ತಿದರು. 'ಹಾವಿರ ಒಂದ್ಹಲ' ಎಂದರು. ವ್ಯಾಪಾರಿಗಳಲ್ಲಿ ಒಬ್ಬ, ಹಾವು ಎಲ್ಲಿ ಎಲ್ಲಿ ಎಂದು ಎರಡೂ ಕಾಲನ್ನು ಮೂಟೆಯ ಮೇಲೆ ಎತ್ತಿಕೊಂಡ. ಮಂಡಿಗೆ ಮಂಡಿಯೇ ಕಾಲೆತ್ತಿಕೊಂಡು ಕೂತಿತು. ಮೊದಲ ದಿನ ಅವರೂ ನಕ್ಕರು. ಎರಡನೆಯ ದಿನವೂ ನಕ್ಕರು. ಮೂರನೆಯ ದಿನ ಬೇಗ ಮನೆಗೆ ಬಂದು, ಹೆಗಲ ವಸ್ತ್ರವನ್ನು ಮೊಳೆಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತರು. ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಹೋದರಾಯಿತು ಎಂದು ಅವಳು ಸಮಾಧಾನ ಮಾಡಿದಳು. ಒಸಡು ಮಾಯುವುದಕ್ಕೇ ತಿಂಗಳುಗಳು ಹಿಡಿದವು, ಅಳತೆ ಕೊಟ್ಟು ಬರುವುದೇ ದೊಡ್ಡ ಕೆಲಸವಾಯಿತು. ಅಷ್ಟರಲ್ಲಿ ಗಂಟೆ ಮಾತನ್ನು ಉಳಿಸಿ ಉಳಿಸಿ ಖರ್ಚು ಮಾಡುವ ಮನುಷ್ಯನಾಗಿದ್ದರು. ನೀರು, ಬೇಡ, ಹ್ಞೂಂ. ಬಂದವರಿಗೆ ಅದೂ ತಿಳಿಯದೆ ಅವಳ ಮುಖ ನೋಡುತ್ತಿದ್ದರು, ಅವಳು ಬಿಡಿಸಿ ಹೇಳುತ್ತಿದ್ದಳು. ಅವರು ಹೇಳೋದು ನನಗೊಬ್ಬಳಿಗೇ ಅರ್ಥ ಆಗೋದು ಎಂದು ಬಂದವರೆದುರಿಗೆ ಹೇಳಿಕೊಂಡಿದ್ದಳು ಕೂಡ. ಹಾಗೆ ಹೇಳುವಾಗ ಅವಳಿಗೆ ಒಂಥರಾ ಹೆಮ್ಮೆ. ಗೋಡೆಯ ಕಡೆ ತಿರುಗಿದ್ದ ಅವರ ಕಿವಿಗೆ ಆ ಹೆಮ್ಮೆ ಹೇಗೆ ಕೇಳಿಸಿತ್ತೋ ಏನೋ.

ಇವತ್ತು ಮಧ್ಯಾಹ್ನದ ಮೇಲಕ್ಕೆ ಅರ್ಧ ದಿನದ ರಜೆ ಬರೆದುಕೊಟ್ಟು, ಬೆಳಿಗ್ಗೆ ನ್ಯಾಯಾಲಯದಲ್ಲಿ ಕೂತಿದ್ದಳು. ಕಟಕಟೆಯಲ್ಲಿ ನಿಂತಿದ್ದ ಹೆಂಗಸು ವಕೀಲರ ಪ್ರಶ್ನೆಗೆಲ್ಲ ಬರಿಯ ತಲೆ ಆಡಿಸುತ್ತಿದ್ದಳು. ತಲೆ ಆಡಿಸಿದ್ರೆ ಟೈಪಾಗಲ್ಲ, ಬಾಯಲ್ಲಿ ಹೇಳಿ ಎಂದು ನ್ಯಾಯಾಧೀಶರು ಮೆತ್ತಗೆ ಗದರಿದರು. ಟೈಪಿಸ್ಟಮ್ಮನ ಬೆರಳು ಕಾಯುತ್ತಿತ್ತು. ಬಾಯಿಂದ ಬಂದದ್ದೇ ಸಾಕ್ಷಿ. ಕೈ ಮುಗಿದದ್ದು, ಕಣ್ಣು ತುಂಬಿದ್ದು, ಸೆರಗಿನ ತುದಿ ಹಿಂಡಿದ್ದು ಯಾವುದೂ ಕಾಗದಕ್ಕೆ ಇಳಿಯುವುದಿಲ್ಲ. ಇಷ್ಟು ವರ್ಷ ತಾನು ಎಷ್ಟು ಜನರ ಬಾಯನ್ನು ಮಾತ್ರ ಕಾಗದಕ್ಕೆ ಇಳಿಸಿ ಕೈಯನ್ನು ಹೊರಗೇ ಬಿಟ್ಟಿರಬಹುದು ಎನ್ನಿಸಿತು. ಮೂರು ವರ್ಷದ ಹಿಂದಿನ ಆ ಬೆಳಿಗ್ಗೆ ಅವಳಿಗೆ ಹೊತ್ತಾಗಿತ್ತು. ದೊಡ್ಡ ಪ್ರಕರಣವೊಂದರ ವಿಚಾರಣೆ, ತಡವಾದರೆ ಬೇರೆಯವರನ್ನು ಕೂರಿಸಿಬಿಡುತ್ತಾರೆ, ಅವಳ ಕುರ್ಚಿಯಲ್ಲಿ ಬೇರೆಯವರು ಕೂರುವುದು ಅವಳಿಗೆ ಆಗದು. ಗಂಡನಿಗೆ ಇನ್ಸುಲಿನ್ ಚುಚ್ಚಿಯಾಗಿತ್ತು. ಚುಚ್ಚಿದ ಮೇಲೆ ಹೊಟ್ಟೆ ತುಂಬ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಅವಳಿಗೇ ಹೇಳಿದ್ದರು, ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ಬಿಸಿ ಗಂಜಿ ಒಸಡನ್ನು ಸುಡುತ್ತದೆಂದು ಅರ್ಧವನ್ನು ಬಟ್ಟಲಿಗೆ ಹಾಕಿ, ಅರ್ಧವನ್ನು ಪಾತ್ರೆಯಲ್ಲೇ ಬಿಟ್ಟು, ಅದು ಮುಗಿದ ಮೇಲೆ ಇದು ಎಂದು ಆರಿಸಿ ಕೊಡುವುದು ಅವಳ ಪದ್ಧತಿ. ಅವರು ನಿಧಾನವಾಗಿ ಕುಡಿಯುತ್ತಿದ್ದರು. ಎಷ್ಟು ನಿಧಾನ! ಗುಟುಕು ಗುಟುಕಿಗೂ ಒಸಡಿನಲ್ಲಿ ಅರೆದು, ಗಲ್ಲ ಒರೆಸಿಕೊಂಡು, ಗೋಡೆ ನೋಡಿ. ಅವಳು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು. ಬಟ್ಟಲು ಬರಿದಾಯಿತು. ಅವರು ಮುಖ ಎತ್ತಿ ಆ ಮಾತನ್ನು ಹೇಳಿದರು. ಅವಳು ಬಿಡಿ ರೀ, ಹೊತ್ತಾಯ್ತು ಎಂದು ಬಟ್ಟಲು ತೆಗೆದುಕೊಂಡು, ತೊಳೆದು ಕವುಚಿಟ್ಟು, ಬೀಗದ ಕೈ ಸಿಕ್ಕಿಸಿಕೊಂಡು ಓಡಿದಳು. ಬಸ್ಸಿನಲ್ಲಿದ್ದಾಗ, ಆಗಲೇ ಅಂಗಡಿಗೆ ಹೋಗಿದ್ದ ಮಗಳು ಫೋನು ಮಾಡಿ ಅಪ್ಪ ತಿಂದ್ರಾ ಎಂದಳು. ತಿಂದ್ರು, ಸಾಕು ಅಂದ್ರು ಎಂದು ಇವಳು ಹೇಳಿದಳು. ಮಧ್ಯಾಹ್ನ ಯಾರದೋ ಸಾಕ್ಷಿಯನ್ನು ಒಂದಕ್ಷರ ತಪ್ಪದೆ ಟೈಪು ಮಾಡುತ್ತಿದ್ದಾಗ ಪಕ್ಕದ ಮನೆಯವರು ಬಾಗಿಲು ಒಡೆದು ಅವರನ್ನು ಆಸ್ಪತ್ರೆಗೆ ಒಯ್ದಿದ್ದರು. ಅವರು ಮತ್ತೆ ಕಣ್ಣು ಬಿಡಲಿಲ್ಲ. ಎರಡು ದಿನ ಬಿಟ್ಟು ಆಸ್ಪತ್ರೆಗೆ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದಾಗ ಪಾತ್ರೆಯಲ್ಲಿ ಉಳಿದಿದ್ದ ಗಂಜಿ ಕೆನೆಗಟ್ಟಿ ಹಳಸಿತ್ತು. ಡಾಕ್ಟರು ಕೇಳಿದಾಗಲೂ, ನೆಂಟರು ಕೇಳಿದಾಗಲೂ ಅವಳು ಅದನ್ನೇ ಹೇಳಿದಳು. ಸಾಕು ಅಂದ್ರು. ಹೇಳಿ ಹೇಳಿ ಅದು ಟೈಪಾದ ಮಾತಿನ ಹಾಗೆ ಗಟ್ಟಿಯಾಗಿ ಕೂತಿತು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹಲ್ಲಿನ ಎರಡು ಸೆಟ್ಟನ್ನು ನೀರಿನಿಂದ ಎತ್ತಿ ಒದರಿ, ಬಾಯಿ ದೊಡ್ಡದು ಮಾಡಿ ಅಮ್ಮ ಎಂದರು. ಗಂಡನ ಹಲ್ಲನ್ನು ಕಟ್ಟಿದ್ದೂ ಇವರೇ. ಎಲ್ಲ ಮುಗಿದ ಮೇಲೆ ಒಂದು ದಿನ ಇಲ್ಲಿಂದ ಫೋನು ಬಂದಿತ್ತು, ಸಾಹೇಬರ ಹಲ್ಲು ರೆಡಿ ಇದೆ ಎಂದು. ಬರ್ತೀವಿ ಎಂದು ಹೇಳಿ ಇಟ್ಟಿದ್ದಳು. ಆ ಹಲ್ಲು ಇನ್ನೂ ಇಲ್ಲಿಯ ಯಾವುದಾದರೂ ಡಬ್ಬಿಯಲ್ಲಿ ಇರಬಹುದೇ ಎಂದು ಅವಳ ಕಣ್ಣು ಕಪಾಟನ್ನೆಲ್ಲ ಹುಡುಕಿತು. ಮೇಲಿನದು ಚಪ್ಪೆಂದು ಅಂಗುಳಕ್ಕೆ ಹತ್ತಿಕೊಂಡಿತು, ಕೆಳಗಿನದು ನಾಲಗೆಯನ್ನು ನೂಕಿಕೊಂಡು ಕೂತಿತು. ಬಾಯಿ ತುಂಬ ಬೇರೆಯವರ ಮನೆಯ ಸಾಮಾನು. ಡಾಕ್ಟರಮ್ಮ ನಿಧಾನವಾಗಿ ಹೇಳುತ್ತ ಹೋದರು. ಮೊದಮೊದಲು ಮೆತ್ತಗಿನದನ್ನೇ ತಿನ್ನಬೇಕು, ಚಿಕ್ಕ ಚಿಕ್ಕ ತುಂಡು, ಎರಡೂ ಕಡೆ ಸಮವಾಗಿ ಅಗಿಯಬೇಕು. ರಾತ್ರಿ ತೆಗೆದು ನೀರಲ್ಲಿ ಹಾಕಬೇಕು. ದಿನಾ ಕನ್ನಡಿ ಹಿಡಿದು ಒಸಡು ನೋಡಿಕೊಳ್ಳಬೇಕು, ಸಕ್ಕರೆ ಇರುವವರಿಗೆ ಹುಣ್ಣಾದರೂ ಎಷ್ಟೋ ಸಲ ನೋವು ತಿಳಿಯುವುದಿಲ್ಲ, ಮಾಯುವುದೂ ತಡ. ನೋವಿದೆ ಅಂತ ಊಟ ಬಿಡೋ ಹಾಗಿಲ್ಲ ಅಮ್ಮ, ಹಲ್ಲು ಬಿಚ್ಚಿಟ್ಟಾದ್ರೂ ಊಟ ಮಾಡಿ, ಇನ್ಸುಲಿನ್ ಚುಚ್ಕೊಂಡು ಉಪವಾಸ ಮಾತ್ರ ಬೇಡ ಎಂದು, ಅಂಗಡಿಯಿಂದ ನೇರ ಬಂದು ಪಕ್ಕದಲ್ಲಿ ನಿಂತಿದ್ದ ಮಗಳ ಕಡೆಗೂ ತಿರುಗಿ ಹೇಳಿದರು. ಮಗಳು ತಲೆ ಆಡಿಸಿದಳು. ಟೈಪಿಸ್ಟಮ್ಮ ತನ್ನ ಕೈಯನ್ನು ನೋಡಿಕೊಂಡಳು. "ಈಗ ಸ ಬರೋ ಮಾತು ಯಾವ್ದಾದ್ರೂ ಹೇಳಿ" ಎಂದರು ಡಾಕ್ಟರಮ್ಮ. ಬೇರೆ ಮಾತೇ ನೆನಪಾಗಲಿಲ್ಲ. "ಸಾಕು" ಎಂದಳು. ಸಕಾರ ಹೊಸ ಹಲ್ಲಿಗೆ ತಾಗಿ ಸೀಟಿಯಂತೆ ಹೊರಬಂತು. ಮೊದಲ ದಿನಕ್ಕೆ ಬಹಳ ಚೆನ್ನಾಗಿ ಬಂತು ಎಂದು ಡಾಕ್ಟರಮ್ಮ ಸಂತೋಷಪಟ್ಟರು. ಟೈಪಿಸ್ಟಮ್ಮ ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡಳು. ಮೂರು ವರ್ಷದಿಂದ ಕಿವಿಯೊಳಗೆ ಇಟ್ಟುಕೊಂಡಿದ್ದ ಆ ಸಾಕು ಹೀಗೇ ಇತ್ತು, ಇಷ್ಟೇ ಸ್ಪಷ್ಟವಾಗಿ, ಹಲ್ಲಿದ್ದವರು ಹೇಳಿದ ಹಾಗೆ. ಅವರ ಬಾಯಲ್ಲಿ ಹಲ್ಲೆಲ್ಲಿತ್ತು?

ಮನೆಗೆ ಬಂದು ಮಗಳು ಅಡುಗೆಗೆ ನಿಂತಳು, ಟೈಪಿಸ್ಟಮ್ಮ ಹಲ್ಲು ಹಾಕಿಕೊಂಡೇ ಕಿಟಕಿಯ ಹತ್ತಿರ ಕೂತಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು. ಕೇಳಿಸಿಕೊಂಡದ್ದು ಕಿವಿಯಲ್ಲ, ಅವಸರ ಎಂದು ಮನಸ್ಸು ಹೇಳಿತು. ಛೆ, ಒಬ್ಬೊಬ್ಬರ ಬಾಯಿ ಒಂದೊಂದು ಥರ, ಅವರಿಗೆ ಅವತ್ತೊಂದು ದಿನ ಸಕಾರ ಬಂದಿರಬಹುದಲ್ಲ ಎಂದು ಅದೇ ಮನಸ್ಸು ಹೇಳಿತು. ಇನ್ಸುಲಿನ್ ಚುಚ್ಚಿಯಾದ ಮೇಲೆ ಮೊದಲ ತುತ್ತಿಗೇ ಕೆಳಗಿನ ಒಸಡು ಕತ್ತರಿಸಿದಂತಾಗಿ ಕಣ್ಣಲ್ಲಿ ನೀರು ಬಂತು. ಮಗಳು ಲೋಟದಲ್ಲಿ ನೀರು ತಂದು ಮುಂದಿಟ್ಟು, ಬಿಚ್ಚಿಬಿಡಮ್ಮ ಎಂದಳು. ಹಲ್ಲು ನೀರಿಗಿಳಿದು ಅಲ್ಲಿಂದಲೇ ನಗತೊಡಗಿತು. ಬೋಳು ಬಾಯಿ ಮತ್ತೆ ಸಿಕ್ಕಿತ್ತು, ಸಿಕ್ಕಿದ್ದಕ್ಕೆ ಅವಳಿಗೆ ಭಯವಾಯಿತು. ಬಟ್ಟಲಿನಲ್ಲಿದ್ದದ್ದು ಮುಗಿಯಿತು. ಮಗಳು ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಟೈಪಿಸ್ಟಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು, ತಲೆ ತಗ್ಗಿಸಿ, ಸಾಕು ಎಂದಳು. ಮಗಳು ತಿರುಗಿ ಬಂದು ಇನ್ನೊಂದು ಸೌಟು ಹಾಕಿದಳು.

"ಯಾಕೆ ಹಂಗೆ ನೋಡ್ತೀಯಾ? ನೀನೇ ಹಾಕು ಅಂದೆಯಲ್ಲ" ಎಂದಳು. ಆಮೇಲೆ ತಾನೇ ಸಣ್ಣಗೆ ನಕ್ಕು, ಎದುರಿನ ಕುರ್ಚಿಯಲ್ಲಿ ಕೂತು, ಅಪ್ಪನದೂ ಇದೇ ಕಥೆಯಾಗಿತ್ತು ಎಂದಳು. ಅಪ್ಪ ಸಾಕು ಅಂದರೂ ಹಾಕು ಅಂದಂತೆಯೇ ಕೇಳಿಸುತ್ತಿತ್ತಂತೆ. ಅದಕ್ಕೇ ಸಾಕಾದಾಗ ಅವರು ಬಾಯೇ ತೆರೆಯುತ್ತಿರಲಿಲ್ಲವಂತೆ, ಬಟ್ಟಲನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದರಂತೆ. ಬಾಯಿ ತೆರೆದರು ಎಂದರೆ ಇನ್ನೂ ಬೇಕು ಎಂದೇ ಅರ್ಥ. ಭಾನುವಾರಗಳಲ್ಲಿ ಅಪ್ಪನಿಗೆ ಬಡಿಸುತ್ತಿದ್ದದ್ದು ಮಗಳೇ. ಹೇಳುತ್ತ ಹೇಳುತ್ತ ಮಗಳ ದನಿ ಇಳಿಯಿತು, ಸೌಟನ್ನು ಪಾತ್ರೆಯೊಳಗೆ ಸುಮ್ಮನೆ ತಿರುಗಿಸತೊಡಗಿದಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತನ್ನು ಈಗಲೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಗಿಯಿತು ಎಂದು ಟೈಪಿಸ್ಟಮ್ಮನಿಗೆ ಅನ್ನಿಸಿತು. ಅವತ್ತು ಅವರು ಸಾಕು ಅಂದ್ರು ಎಂದು ಹೇಳಲು ಬಾಯಿ ತೆರೆದಳು.

"ಅವತ್ತು ಅವರು ಹಾಕು ಅಂದ್ರು" ಎಂದಿತು ಬಾಯಿ.

ಈ ಸಲ ಅವಳ ಕಿವಿಯೂ ತಿದ್ದಲಿಲ್ಲ. ಲೋಟದಲ್ಲಿ ಹಲ್ಲು ಇತ್ತು. ಹಾಕಿಕೊಂಡು ಮತ್ತೊಮ್ಮೆ ಸರಿಯಾಗಿ ಹೇಳಬಹುದಿತ್ತು. ಅವಳು ಹಾಕಿಕೊಳ್ಳಲಿಲ್ಲ.

"ಗೊತ್ತಮ್ಮ" ಎಂದಳು ಮಗಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಸ್ಸಿನಲ್ಲಿ ಫೋನು ಬಂದ ದಿನದಿಂದಲೂ ಗೊತ್ತಿತ್ತೋ, ಈಗ ಗೊತ್ತಾಯಿತೋ, ಅವಳ ಮುಖದಲ್ಲಿ ಅದು ತಿಳಿಯುವಂತಿರಲಿಲ್ಲ. ದಿನಾ ಬೆಳಿಗ್ಗೆ ಎದುರಿಗೆ ಕೂತು, ತಿಂದು ಮುಗಿಯುವ ತನಕ ಏಳದ ಮಗಳು. ತಿನ್ನು ಎಂದಳು. ಟೈಪಿಸ್ಟಮ್ಮ ತಿಂದಳು. ಒಸಡಿನಲ್ಲಿ ಅರೆದು, ಗಲ್ಲ ಒರೆಸಿಕೊಂಡು, ಎದುರಿನ ಗೋಡೆ ನೋಡುತ್ತ, ತೀರ ನಿಧಾನವಾಗಿ ತಿಂದಳು. ಬೇಗ ತಿನ್ನಲು ಆಗುವುದಿಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು. ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು, ಅದನ್ನೂ ತಿಂದಳು. ಮುಗಿದ ಮೇಲೆ ಮಗಳು ಬಟ್ಟಲಿಗೆ ಕೈ ಹಾಕಿದಳು. ಬಟ್ಟಲು ಬರಲಿಲ್ಲ. ಅಮ್ಮನ ಬೆರಳುಗಳು ಅಂಚನ್ನು ಹಿಡಿದುಕೊಂಡಿದ್ದವು.

ಬಿಡಮ್ಮ, ತೊಳೆದಿಡ್ತೀನಿ ಎಂದಳು ಮಗಳು. ಅವತ್ತು ತಾನೂ ಹೀಗೇ ಅಂದಿದ್ದಳು, ಬಿಡಿ ರೀ, ಹೊತ್ತಾಯ್ತು. ಹಿಡಿದುಕೊಳ್ಳದವರಿಗೆ ಬಿಡಿ ಎಂದು ಯಾರು ಹೇಳುತ್ತಾರೆ? ಆ ಬೆಳಿಗ್ಗೆ ಬಟ್ಟಲು ಸುಮ್ಮನೆ ಕೈಗೆ ಬಂದಿರಲಿಲ್ಲ, ಒಂದು ಸಲ ಎಳೆಯಬೇಕಾಗಿತ್ತು. ಕಿವಿ ಏನೇ ಹೇಳಿಕೊಂಡಿರಲಿ, ಆ ಎಳೆತ ಅವಳ ಬೆರಳಿಗೆ ಅವತ್ತಿನಿಂದಲೂ ಗೊತ್ತಿತ್ತು. ಟೈಪಿಸ್ಟಮ್ಮ ಬೆರಳು ಸಡಿಲಿಸಲು ನೋಡಿದಳು, ಆಗಲಿಲ್ಲ.

ಮಗಳು ಎಳೆಯಲಿಲ್ಲ. ಬಟ್ಟಲಿನಿಂದ ಕೈ ತೆಗೆದು, ಅಮ್ಮನ ಮುಖ ನೋಡಿ, "ಸಾಕಾ? ಹಾಕ್ಲಾ?" ಎಂದಳು. ಅಂಗಡಿಯ ಬಟ್ಟೆಯನ್ನೂ ಬದಲಾಯಿಸದ ಮಗಳು, ಪಾತ್ರೆಯಲ್ಲಿ ಸೌಟು ಹಿಡಿದುಕೊಂಡು, ಎಷ್ಟು ಹೊತ್ತಾದರೂ ಆಗಲಿ ಎಂಬಂತೆ ಕಾದಳು.